ಒಗೆದು ಹಗ್ಗಕ್ಕೆ ಹಾಕಿದ ಎಲೆಗಳು

ನರ್ಸಮ್ಮ: ಅಲ್ರೀ, ಕೆಟ್ಟಿರೋದು ನನ್ನ ಕಣ್ಣಾ, ನಿಮ್ಮ ತಲೆನಾ? ಹಗ್ಗದ ಮೇಲೆ ಒಣಗ್ತಿರೋದು ಏನದು?

ಲಾಂಡ್ರಿಯಪ್ಪ: ಎಲೆ.

ನರ್ಸಮ್ಮ: ಎಲೆ ಅಂತ ನನಗೂ ಕಾಣುತ್ತೆ. ಎಲೆಗೆ ಕ್ಲಿಪ್ ಯಾಕೆ ಹಾಕಿದ್ದೀರಿ?

ಲಾಂಡ್ರಿಯಪ್ಪ: ಹಾಕದೆ ಇದ್ರೆ ಗಾಳಿಗೆ ಹಾರಿಹೋಗಲ್ವೇನೆ?

ಭಾನುವಾರದ ಬೆಳಗ್ಗೆ. ಕೆಳಗೆ ಲಾಂಡ್ರಿ ಅಂಗಡಿ, ಮೇಲೆ ಮನೆ. ಅಂಗಡಿಯ ಈ ಗೋಡೆಯಿಂದ ಆ ಗೋಡೆಗೆ ಕಟ್ಟಿದ ಹಗ್ಗದಲ್ಲಿ ಎಂದಿನಂತೆ ಅಂಗಿ, ದುಪ್ಪಟಿಗಳ ಬದಲು ಹಳದಿ, ಕೆಂಪು, ಕಂದು ಎಲೆಗಳು ಸಾಲಾಗಿ ನೇತಾಡುತ್ತಿದ್ದವು. ಅಂಗಡಿಯ ಯಜಮಾನನನ್ನು ಬೀದಿಯವರೆಲ್ಲ ಕರೆಯುವುದು ಲಾಂಡ್ರಿಯಪ್ಪ ಎಂದು. ಅವನ ಹೆಂಡತಿ ಬೀದಿಯ ಕೊನೆಯ ಕ್ಲಿನಿಕ್ಕಿನಲ್ಲಿ ನರ್ಸು, ಆದ್ದರಿಂದ ನರ್ಸಮ್ಮ. ಏಳು ವರ್ಷದ ಮಗಳು ನಿಂತಲ್ಲಿ ನಿಲ್ಲುವವಳಲ್ಲ, ಆದ್ದರಿಂದ ಬುಗುರಿ. ಆ ಬುಗುರಿಗೆ ಎರಡು ದಿನದಿಂದ ಕೆಮ್ಮು. ಮೆಟ್ಟಿಲ ಮೇಲೆ ಕುಳಿತು, ಅಪ್ಪ ಅಮ್ಮ ಮಾತಾಡುವಾಗ ಸುಮ್ಮನಿದ್ದು, ಮಾತು ನಿಂತಾಗ ಕೆಮ್ಮುತ್ತಿದ್ದಳು.

ನರ್ಸಮ್ಮ: ಯಾರು ಹೇಳಿದ್ರು ಎಲೆ ಒಗೀರಿ ಅಂತ?

ಲಾಂಡ್ರಿಯಪ್ಪ: ನೀನೇ.

ನರ್ಸಮ್ಮ: ನಾನಾ?

ಲಾಂಡ್ರಿಯಪ್ಪ: ನಿನ್ನೆ ಊಟ ಮಾಡ್ತಾ ಏನಂದೆ? ಹಿತ್ತಲಲ್ಲಿ ಬಿದ್ದಿರೋ ಎಲೆ ತುಂಬಾ ಧೂಳು, ಹುಳ ಬೇರೆ ಇರುತ್ತೆ, ಮಗು ಕೆಮ್ತಿದೆ. ತೊಳೆದು ಒಣಗಿಸಿ ಕೊಟ್ರೆ ಆಡ್ಲಿ, ಇಲ್ದಿದ್ರೆ ಆ ಕಡೆ ಕಾಲಿಡೋದು ಬೇಡ. ಅಂದ್ಯೋ ಇಲ್ವೋ?

ನರ್ಸಮ್ಮ: ಅಯ್ಯೋ ದೇವರೇ! ಅದು ಬೇಡ ಅನ್ನೋದಕ್ಕೆ ಹೇಳೋ ಮಾತು ಕಣ್ರೀ!

ಲಾಂಡ್ರಿಯಪ್ಪ: ಬೇಡ ಅನ್ನೋದಕ್ಕೆ ಬೇಡ ಅಂತ್ಲೇ ಹೇಳ್ಬೇಕಪ್ಪಾ.

ಮಾತಿಗೇನೋ ಜನ ಏನೇನೋ ಹೇಳುತ್ತಾರೆ. ಆದರೆ 'ತೊಳೆದು ಒಣಗಿಸಿ ಕೊಡಿ' ಎಂಬ ಮಾತನ್ನು ಲಾಂಡ್ರಿಯವನ ಮುಂದೆ ಆಡುವಾಗ ಸ್ವಲ್ಪ ಯೋಚನೆ ಮಾಡಬೇಕು. ಇಪ್ಪತ್ತು ವರ್ಷದಿಂದ ಆ ಮಾತು ಕಿವಿಗೆ ಬಿದ್ದರೆ ಸಾಕು, ಅವನ ಕೈ ತಾನಾಗಿ ಸೋಪಿನ ಡಬ್ಬಿಯ ಕಡೆ ಹೋಗುತ್ತಿತ್ತು. ಮೇಲಾಗಿ ಅವನಿಗೆ ಮಗಳ ಬಾಡಿದ ಮುಖ ನೋಡಲಾಗಿರಲಿಲ್ಲ. ಹಿತ್ತಲ ಮರ ಒಂದು ತಿಂಗಳಿಂದ ಎಲೆ ಉದುರಿಸಿ, ರಾಶಿ ಬುಗುರಿಯ ಎದೆಯವರೆಗೆ ಬಂದಿತ್ತು. ಅದರೊಳಗೆ ಅಮ್ಮನ ಜೊತೆ ಧುಮುಕಬೇಕೆಂಬುದು ಅವಳ ಆಸೆ. ಅಮ್ಮ ಪ್ರತಿ ಸಲವೂ 'ಮುಂದಿನ ಭಾನುವಾರ' ಎನ್ನುತ್ತಿದ್ದಳು. ಪ್ರತಿ ಭಾನುವಾರವೂ ಕ್ಲಿನಿಕ್ಕಿನ ಹೆಡ್ ನರ್ಸ್ ಫೋನ್ ಮಾಡಿ, ಯಾರೋ ಬಂದಿಲ್ಲ, ಇವತ್ತೊಂದು ದಿನ ಬಂದುಬಿಡಿ ಎನ್ನುತ್ತಿದ್ದಳು. ನರ್ಸಮ್ಮನ ಬಾಯಲ್ಲಿ 'ಇಲ್ಲ' ಎಂಬ ಮಾತು ಗಂಡನಿಗೆ ಮಾತ್ರ ಮೀಸಲು. ನಾಳೆ ಬೆಳಗ್ಗೆ ನಗರಸಭೆಯ ಗಾಡಿ ಬಂದು ಎಲೆಯನ್ನೆಲ್ಲ ಹೊತ್ತೊಯ್ಯುತ್ತದೆ. ಆಮೇಲೆ ಬರಿ ಚಳಿ.

ನರ್ಸಮ್ಮ: ಹ್ಯಾಗೆ ಒಗೆದ್ರಿ?

ಲಾಂಡ್ರಿಯಪ್ಪ (ಸ್ವಲ್ಪ ಜಂಬದಿಂದ): ಕಾಲುಚೀಲ ಹಾಕೋ ಬಲೆಚೀಲಕ್ಕೆ ತುಂಬಿ, ರೇಷ್ಮೆ ಸೀರೆಗೆ ಇಡೋ ಹಾಗೆ ಮಷೀನು ಮೆಲ್ಲಗೆ ತಿರುಗೋಕೆ ಇಟ್ಟೆ. ಒಂದೆಲೆ ಹರೀಲಿಲ್ಲ ಗೊತ್ತಾ? ಮೂಸಿ ನೋಡು.

ನರ್ಸಮ್ಮ: ಮಲ್ಲಿಗೆ ವಾಸನೆ!

ಲಾಂಡ್ರಿಯಪ್ಪ: ಕೊನೇಲಿ ಬಟ್ಟೆ ಮೆತ್ತಗೆ ಮಾಡೋ ಕಂಫರ್ಟು ಸ್ವಲ್ಪ ಹಾಕಿದ್ದೆ.

ಬುಗುರಿ: ಕೊಹ್, ಕೊಹ್.

ನರ್ಸಮ್ಮ: ನೋಡಿ, ಮಗು ಹ್ಯಾಗೆ ಕೆಮ್ತಿದೆ! ಪುಟ್ಟಿ, ಮಫ್ಲರ್ ಸುತ್ಕೋ. ಬಿಸಿನೀರು ಕುಡಿದ್ಯಾ? ರೀ, ನನಗೆ ಹೊತ್ತಾಯ್ತು, ಹೆಡ್ ನರ್ಸ್ ಕರೆದಿದ್ದಾರೆ. ಯೂನಿಫಾರ್ಮ್ ಕೊಡಿ.

ಲಾಂಡ್ರಿಯಪ್ಪನ ಜಂಬ ಅಲ್ಲಿಗೆ ಇಳಿಯಿತು. ಅವನು ಇಸ್ತ್ರಿ ಮೇಜಿನ ಮೇಲಿದ್ದ ಎಲೆಯೊಂದನ್ನು ತಿರುಗಿಸಿ ತಿರುಗಿಸಿ ನೋಡತೊಡಗಿದ.

ಲಾಂಡ್ರಿಯಪ್ಪ: ಇವತ್ತು ಗಾಳಿ ಎಷ್ಟು ತಂಪಾಗಿದೆ ಅಲ್ವಾ?

ನರ್ಸಮ್ಮ: ಯೂನಿಫಾರ್ಮ್.

ಲಾಂಡ್ರಿಯಪ್ಪ: ಬಿಸಿಲೂ ಎಳೇದು. ಇಂಥಾ ಬಿಸಿಲು ಮೈಗೆ ಒಳ್ಳೇದು ಅಂತ ನೀನೇ ಪೇಶೆಂಟುಗಳಿಗೆ ಹೇಳ್ತೀಯಂತೆ. ದಿನಾ ನಡೀರಿ, ಚೆನ್ನಾಗಿ ನಿದ್ದೆ ಮಾಡಿ, ಮಕ್ಕಳ ಜೊತೆ ಆಡಿ, ನಗ್ತಾ ಇರಿ... ಪಕ್ಕದ ಚಪ್ಪಲಿ ಅಂಗಡಿಯವನು ನಿನ್ನ ಮಾತು ಕೇಳಿ ನಾಲ್ಕು ಕೆಜಿ ಇಳಿದಿದ್ದಾನೆ.

ನರ್ಸಮ್ಮ: ಮಾತು ತೇಲಿಸ್ಬೇಡಿ. ಶುಕ್ರವಾರ ಎರಡು ಜೊತೆ ಕೊಟ್ಟಿದ್ದೆ. ಎಲ್ಲಿ?

ಲಾಂಡ್ರಿಯಪ್ಪ: ನೀನು ಮೊದಲು ಕೂತ್ಕೋ.

ನರ್ಸಮ್ಮ: ಯಾರಿಗಾದ್ರೂ ಕೆಟ್ಟ ಸುದ್ದಿ ಹೇಳೋವಾಗ ನಾನೂ ಹೀಗೇ ಕೂತ್ಕೊಳ್ಳಿ ಅಂತೀನಿ. ಏನಾಯ್ತು, ಹೇಳಿ.

ಅವನು ಮಷೀನಿನ ಬಾಗಿಲು ತೆರೆದು ಎರಡು ಜೊತೆ ಬಟ್ಟೆಯನ್ನು ಹೊರಗೆಳೆದ. ಶುಕ್ರವಾರ ಹಾಲಿನಂತೆ ಬಿಳುಪಾಗಿದ್ದ ಯೂನಿಫಾರ್ಮುಗಳು ಈಗ ಹಾಲು ಕಡಿಮೆ ಬಿದ್ದ ಟೀ ಬಣ್ಣಕ್ಕೆ ತಿರುಗಿದ್ದವು. ಅದೂ ಒಂದೇ ಸಮ ಇಲ್ಲ, ಒಂದರ ಬೆನ್ನ ಮೇಲೆ ಪೂರಾ ಒಂದು ಎಲೆಯ ಅಚ್ಚು ಮೂಡಿತ್ತು.

ನರ್ಸಮ್ಮ: ಎಲೆ ಜೊತೆ ನನ್ನ ಬಿಳೀ ಬಟ್ಟೆ ಹಾಕಿದ್ರಾ?

ಲಾಂಡ್ರಿಯಪ್ಪ: ಬರೀ ಎಲೆಗೆ ಮಷೀನು ಅರ್ಧಾನೂ ತುಂಬಲಿಲ್ಲ ಕಣೆ. ಅಷ್ಟು ನೀರು, ಕರೆಂಟು ದಂಡ ಅಲ್ವಾ?

ನರ್ಸಮ್ಮ: ಅಂಗಡಿ ಬಾಗಿಲಿಗೆ ಬೋರ್ಡ್ ಹಾಕಿದ್ದೀರಲ್ರೀ! ಬಣ್ಣದ ಬಟ್ಟೆ ಬೇರೆ, ಬಿಳಿ ಬೇರೆ ಅಂತ! ಬಂದೋರಿಗೆಲ್ಲಾ ಪಾಠ ಹೇಳ್ತೀರಿ!

ಲಾಂಡ್ರಿಯಪ್ಪ: ಎಲೆ ಬಣ್ಣ ಬಿಡುತ್ತೆ ಅಂತ ಯಾರಿಗೆ ಗೊತ್ತಿತ್ತು? ಮಳೆಗಾಲ ಪೂರ್ತಿ ಆ ಮರ ನೆನೀತು. ಒಂದು ಹನಿ ಬಣ್ಣ ಇಳೀತಾ? ಅಂಥಾ ಗಟ್ಟಿ ಬಣ್ಣ ಅಂತ ನಂಬಿ ಹಾಕ್ದೆ.

ನರ್ಸಮ್ಮ: ನಂಬಿದ್ರಂತೆ! ಮರ ನಿಮಗೆ ಗ್ಯಾರಂಟಿ ಬೇರೆ ಕೊಟ್ಟಿತ್ತಾ? ಈಗ ನಾನು ಏನು ಹಾಕ್ಕೊಂಡು ಹೋಗ್ಲಿ?

ಇಲ್ಲಿ ಲಾಂಡ್ರಿಯಪ್ಪ ಮತ್ತೆ ಎಲೆಗಳ ಕಡೆ ಕಣ್ಣು ತಿರುಗಿಸಿದ. ಏಕೆಂದರೆ ನರ್ಸಮ್ಮನಿಗೆ ಮೂರನೆಯ ಜೊತೆಯೊಂದಿತ್ತು. ಹೋದ ತಿಂಗಳು ಜಿಪ್ಪು ಕಿತ್ತುಹೋಗಿದ್ದನ್ನು ಅವನೇ ರಿಪೇರಿ ಮಾಡಿಸಿ, ಇಸ್ತ್ರಿ ಹಾಕಿ, ಕಾಗದದಲ್ಲಿ ಸುತ್ತಿ ಅಂಗಡಿಯ ಗೋಡೆಯ ಮೇಲಿನ ಗೂಡಿನಲ್ಲಿಟ್ಟಿದ್ದ. ಹೆಂಡತಿ ಅದನ್ನು ಮರೆತೇಬಿಟ್ಟಿದ್ದಾಳೆ ಎಂದು ಅವನಿಗೆ ಖಾತ್ರಿಯಾಗಿತ್ತು. ಆ ಪೊಟ್ಟಣ ಈಗ ಸರಿಯಾಗಿ ಅವಳ ಕಣ್ಣೆದುರಿಗೇ ಇತ್ತು. ಹೇಳಿದರೆ ಅವಳು ಹೊರಟುಬಿಡುತ್ತಾಳೆ, ಮಗಳ ಭಾನುವಾರ ಮುಗಿಯುತ್ತದೆ. ಹೇಳದಿದ್ದರೆ ಇಪ್ಪತ್ತು ವರ್ಷದ ವ್ಯಾಪಾರದಲ್ಲಿ ಅವನು ಗಿರಾಕಿಯ ಬಟ್ಟೆ ಬಚ್ಚಿಟ್ಟ ಮೊದಲ ಸಲ ಇದಾಗುತ್ತದೆ, ಅದೂ ಮನೆಯ ಗಿರಾಕಿಯದ್ದು. ಅವನು ಎರಡು ಹೆಜ್ಜೆ ಪಕ್ಕಕ್ಕೆ ಸರಿದು, ಗೂಡಿಗೆ ಅಡ್ಡವಾಗಿ ಬೆನ್ನು ಕೊಟ್ಟು ನಿಂತ.

ನರ್ಸಮ್ಮ: ಯಾಕೆ ಹಂಗೆ ಗೋಡೆಗೆ ಅಂಟ್ಕೊಂಡು ನಿಂತಿದ್ದೀರಿ?

ಲಾಂಡ್ರಿಯಪ್ಪ: ಬೆನ್ನು ನೋವು.

ನರ್ಸಮ್ಮ: ಎಲೆ ಒಗೆದು ಬೆನ್ನು ನೋವು ಬಂತಾ?

ಲಾಂಡ್ರಿಯಪ್ಪ: ಕ್ಲಿಪ್ ಹಾಕಿ ಬಂತು.

ಅಷ್ಟರಲ್ಲಿ ನರ್ಸಮ್ಮನ ಫೋನ್ ಹೊಡೆದುಕೊಂಡಿತು. ಹೆಡ್ ನರ್ಸ್.

ನರ್ಸಮ್ಮ (ಫೋನಿನಲ್ಲಿ): ಮೇಡಂ... ಹೂಂ, ಹೊರಟಿದ್ದೆ... ಯೂನಿಫಾರ್ಮ್ ಹಾಳಾಗಿದೆ ಮೇಡಂ... ಇಲ್ಲ, ಹರಿದಿಲ್ಲ, ಟೀ ಬಣ್ಣ ಆಗಿದೆ... ಇಲ್ಲ ಮೇಡಂ, ಟೀ ಚೆಲ್ಲಿಲ್ಲ. ನಮ್ಮೆಜಮಾನರು ಎಲೆ ಒಗೀತಿದ್ರು... ಎಲೆ ಮೇಡಂ, ಮರದ ಎಲೆ... ಇಲ್ಲ, ಆರೋಗ್ಯವಾಗೇ ಇದ್ದಾರೆ.

ಲಾಂಡ್ರಿಯಪ್ಪ ಅತ್ತ ತಿರುಗಿ ಕೆಮ್ಮಿದ. ಬುಗುರಿಯೂ ಕೆಮ್ಮಿದಳು. ನರ್ಸಮ್ಮ ತಿರುಗಿ ಇಬ್ಬರನ್ನೂ ನೋಡಿದಳು.

ನರ್ಸಮ್ಮ (ಫೋನಿನಲ್ಲಿ): ಇವತ್ತು ನನ್ನ ಡ್ಯೂಟಿ ಅಲ್ವಲ್ಲಾ ಮೇಡಂ, ಯಾರದ್ದಿದೆಯೋ ಅವರನ್ನೇ ಕರೀರಿ. ಬರಕ್ಕಾಗಲ್ಲ... ಹೂಂ. ಇಲ್ಲ. ಇವತ್ತು ಇಲ್ಲ.

ಫೋನ್ ಇಟ್ಟ ಮೇಲೆ, ಹೊರಗಿನವರಿಗೆ ಮೊದಲ ಸಲ 'ಇಲ್ಲ' ಎಂದ ಬಾಯಿಯನ್ನು ಅವಳು ಕೈಯಿಂದ ಒರೆಸಿಕೊಂಡಳು. ಮೆಟ್ಟಿಲ ಮೇಲಿದ್ದ ಬುಗುರಿ ಎದ್ದು ನಿಂತಿದ್ದಳು.

ಬುಗುರಿ: ಅಮ್ಮ ಹೋಗಲ್ವಾ?

ನರ್ಸಮ್ಮ: ಹೋಗಲ್ಲ. ಬಾ ಇಲ್ಲಿ, ಮೊದಲು ನಿನ್ನ ಕೆಮ್ಮು ನೋಡ್ತೀನಿ. ಬಾಯಿ ತೆಗಿ. ಆ ಅನ್ನು. ಗಂಟಲು ಚೆನ್ನಾಗೇ ಇದೆ. ಉಸಿರು ಎಳಿ... ಬಿಡು... ಎದೇನೂ ಸ್ವಚ್ಛ. ಕೆಮ್ಮು ನೋಡೋಣ.

ಬುಗುರಿ: ಬರ್ತಾ ಇಲ್ಲ.

ನರ್ಸಮ್ಮ: ಈಗ ತಾನೇ ಬರ್ತಿತ್ತಲ್ಲ?

ಬುಗುರಿ: ನೀನು ಹೋಗಲ್ಲ ಅಂದ್ಯಲ್ಲ, ಇನ್ಯಾಕೆ?

ನರ್ಸಮ್ಮ: ಏನೇ ಹಂಗಂದ್ರೆ?

ಬುಗುರಿ: ಕೆಮ್ಮಿದೋರ ಹತ್ರ ನೀನು ಕೂತ್ಕೋತೀಯಲ್ಲ ಅಮ್ಮಾ. ಕ್ಲಿನಿಕ್ಕಲ್ಲಿ ನೋಡಿದೀನಿ. ತಲೆ ಮುಟ್ಟಿ ಮಾತಾಡಿಸ್ತೀಯ. ಅದಕ್ಕೇ ನಾನೂ ಕೆಮ್ಮಿದೆ.

ನರ್ಸಮ್ಮನಿಗೆ ಅಳು ಬಂತು, ಜೊತೆಗೆ ನಗುವೂ ಬಂತು, ಕೊನೆಗೆ ಎರಡನ್ನೂ ಒಟ್ಟಿಗೆ ಮಾಡಿದಳು. ಮಗಳನ್ನು ಎತ್ತಿಕೊಂಡು ಅವಳ ಮಫ್ಲರಿನಲ್ಲೇ ಮೂಗು ಒರೆಸಿಕೊಂಡಳು. ಬೇರೆ ಯಾರಾದರೂ ಹಾಗೆ ಮಾಡಿದ್ದರೆ ಅವಳು ಸೋಂಕಿನ ಬಗ್ಗೆ ಅರ್ಧ ಗಂಟೆ ಪಾಠ ಹೇಳುತ್ತಿದ್ದಳು. ಗೂಡಿನ ಪೊಟ್ಟಣ ಲಾಂಡ್ರಿಯಪ್ಪನ ಬೆನ್ನಿಗೆ ಒತ್ತುತ್ತಿತ್ತು. ಆದರೂ ಅವನು ಅಲ್ಲಾಡಲಿಲ್ಲ.

ನರ್ಸಮ್ಮ: ರೀ, ಆ ಎಲೆ ಬಿಚ್ಚಿ ಕೊಡಿ. ಮಗು ಆಡ್ಲಿ.

ಅವನು ಒಗೆದ ಎಲೆಗಳನ್ನೆಲ್ಲ ಬುಟ್ಟಿಗೆ ತುಂಬಿಕೊಟ್ಟ. ಬುಗುರಿ ಒಂದು ಹಿಡಿ ಎತ್ತಿ ತಲೆ ಮೇಲೆ ಸುರಿದುಕೊಂಡಳು, ಕಾಲಿನಿಂದ ತುಳಿದಳು, ಆಮೇಲೆ ಮುಖ ಸಿಂಡರಿಸಿದಳು.

ಬುಗುರಿ: ಅಪ್ಪಾ, ಇದು ಸದ್ದೇ ಮಾಡಲ್ಲ!

ಲಾಂಡ್ರಿಯಪ್ಪ: ಮೆತ್ತಗಾಗಿದೆ ಪುಟ್ಟಿ. ಕಂಫರ್ಟು ಹಾಕಿದೀನಲ್ಲ.

ಬುಗುರಿ: ನಂಗೆ ಕೊಳೆ ಎಲೇನೇ ಬೇಕು!

ಲಾಂಡ್ರಿಯಪ್ಪ ಹೆಂಡತಿಯ ಮುಖ ನೋಡಿದ. ಹೆಂಡತಿ ಬಾಗಿಲಾಚೆ ಹಿತ್ತಲನ್ನು ನೋಡಿದಳು. ಅಲ್ಲಿ ಎಲೆರಾಶಿಯ ಮೇಲೆ ಬಿಸಿಲು ಬಿದ್ದಿತ್ತು.

ನರ್ಸಮ್ಮ: ಆಯ್ತು. ಸ್ವೆಟರ್ ಇರ್ಲಿ, ಬೂಟು ಇರ್ಲಿ, ಆಡಿದ ಮೇಲೆ ಸೋಪಲ್ಲಿ ಕೈ ತೊಳೀಬೇಕು. ಬಾಯಿಗೆ ಎಲೆ ಹಾಕ್ಬಾರ್ದು.

ಬುಗುರಿ: ನಾನೇನು ಮೇಕೆನಾ?

ನರ್ಸಮ್ಮ: ನಿನಗಲ್ಲ, ನಿಮ್ಮಪ್ಪನಿಗೆ ಹೇಳಿದ್ದು.

ಟೀ ಬಣ್ಣದ ಯೂನಿಫಾರ್ಮನ್ನು ಸ್ವೆಟರಿನ ಮೇಲೇ ಏರಿಸಿಕೊಂಡು ಅವಳು ಹಿತ್ತಲಿಗೆ ಹೊರಟಳು. ಹೇಗೂ ಹಾಳಾಗಿದೆ, ಇನ್ನಷ್ಟು ಆಗಲಿ. ಮೊದಲು ರಾಶಿಯನ್ನು ಕೋಲಿನಿಂದ ಕೆದಕಿ ಮುಳ್ಳು, ಗಾಜು ಏನೂ ಇಲ್ಲವೆಂದು ನೋಡಿಕೊಂಡಳು. ಕಡ್ಡಿಗಳನ್ನು ಆರಿಸಿ ಆಚೆ ಹಾಕಿದಳು. ಆಮೇಲೆ ಮಗಳ ಕೈ ಹಿಡಿದು ಓಡಿಬಂದು ಧುಮುಕಿದಳು. ಎಲೆ ಚರಚರ ಎಂದು ಊರಿಗೇ ಕೇಳುವಷ್ಟು ಸದ್ದು ಮಾಡಿತು. ಎರಡನೆಯ ಸಲಕ್ಕೆ ಲಾಂಡ್ರಿಯಪ್ಪನನ್ನೂ ಎಳೆದುಕೊಂಡರು. ಐದಾರು ಸಲ ಧುಮುಕುವಷ್ಟರಲ್ಲಿ ದೊಡ್ಡವರಿಬ್ಬರಿಗೂ ಏದುಸಿರು ಬಂದು, ರಾಶಿಯ ಮೇಲೇ ಅಂಗಾತ ಮಲಗಿದರು. ಬುಗುರಿ ಸುತ್ತಲೂ ತಿರುಗುತ್ತಲೇ ಇದ್ದಳು.

ನರ್ಸಮ್ಮ: ರೀ, ವಾಕಿಂಗ್ ಮಾಡಿ ಅಂತ ಎಲ್ಲರಿಗೂ ಹೇಳ್ತೀನಿ. ನನ್ನ ದಮ್ಮು ನೋಡಿ, ಮೆಟ್ಟಿಲು ಹತ್ತೋ ಅಜ್ಜಿ ಥರ ಆಗಿದೆ.

ಲಾಂಡ್ರಿಯಪ್ಪ: ದಿನಾ ಒಂದು ರೌಂಡು ಹೋಗೋಣ ಬಿಡು, ಮೂವರೂ.

ಇಷ್ಟು ಸುಖವಾಗಿರುವಾಗ ಅವನ ಮನಸ್ಸು ಚುಚ್ಚಿತು. ಇನ್ನು ತಡೆಯಲಾಗಲಿಲ್ಲ.

ಲಾಂಡ್ರಿಯಪ್ಪ: ಒಂದು ವಿಷಯ ಹೇಳ್ಬೇಕು ಕಣೆ. ಬಯ್ಯಬಾರ್ದು.

ನರ್ಸಮ್ಮ: ಮೇಲಿನ ಗೂಡಲ್ಲಿರೋ ಪೊಟ್ಟಣದ ವಿಷಯ ತಾನೆ?

ಲಾಂಡ್ರಿಯಪ್ಪ ಧಡಕ್ಕನೆ ಎದ್ದು ಕುಳಿತ. ತಲೆಯಿಂದ ಎಲೆಗಳು ಉದುರಿದವು.

ಲಾಂಡ್ರಿಯಪ್ಪ: ನಿನಗೆ ಗೊತ್ತಿತ್ತಾ?

ನರ್ಸಮ್ಮ: ಜಿಪ್ಪು ಕಿತ್ತಿದ್ದು ನನ್ನ ಬಟ್ಟೇದು ಕಣ್ರೀ. ಅಂಗಡಿಗೆ ಬಂದ ತಕ್ಷಣ ಕಂಡೆ. ನಿಮಗೆ ಬೆನ್ನು ನೋವು ಬಂದಿದ್ದು ಆಮೇಲೆ.

ಲಾಂಡ್ರಿಯಪ್ಪ: ಮತ್ತೆ ಹೆಡ್ ನರ್ಸ್ ಹತ್ರ...

ನರ್ಸಮ್ಮ: ಹಾಳಾಗಿದೆ ಅಂದೆ. ಎಲ್ಲಾ ಹಾಳಾಗಿದೆ ಅಂದ್ನಾ?

ಲಾಂಡ್ರಿಯಪ್ಪ: ಅಬ್ಬಬ್ಬಾ! ನಾನು ಇಲ್ಲಿ ಪಾಪ ಮಾಡಿದೆ ಅಂತ ಒದ್ದಾಡ್ತಿದ್ದೀನಿ!

ನರ್ಸಮ್ಮ: ಒದ್ದಾಡಿದ್ದು ಒಳ್ಳೇದೇ ಆಯ್ತು, ಮೈಗೆ ವ್ಯಾಯಾಮ. ಈಗ ಕೇಳಿ. ನಾಳೆ ಗಾಡಿ ಬರೋಕೆ ಮುಂಚೆ ಈ ಎಲೇನ ಎರಡು ಮೂಟೆ ಕಟ್ಟಿ ಒಳಗಿಡಿ. ಆ ಮೂರನೇ ಜೊತೆ ವಾರಪೂರ್ತಿ ಹಾಕ್ಕೊಂಡು ಹೋಗ್ತೀನಿ. ಶನಿವಾರ ರಾತ್ರಿ ಮಾತ್ರ ಮರೀದೆ...

ಲಾಂಡ್ರಿಯಪ್ಪ: ಏನು, ಬಿಳೀದು ಬೇರೆ ಒಗೀಬೇಕಾ?

ನರ್ಸಮ್ಮ: ಬೇರೆ ಯಾಕೆ? ಅದನ್ನೂ ಎಲೆ ಜೊತೇಲೇ ಹಾಕಿಬಿಡಿ. ಅರ್ಧ ಮಷೀನು ಓಡಿಸಿದ್ರೆ ನೀರು ದಂಡ ಅಲ್ವಾ?