ಪಚ್ಚೆ ವೇಷ್ಟಿಯ ಪಕ್ಷಿವೀಕ್ಷಕ

ನಮ್ಮ ಸೋದರಮಾವನ ಪ್ರಕಾರ ಪುಸ್ತಕ ತಪ್ಪು ಮಾಡುವುದಿಲ್ಲ, ತಪ್ಪೇನಿದ್ದರೂ ಹಕ್ಕಿಯದು! ಕೊಯಮತ್ತೂರಿನ ಹತ್ತಿರದ ಪೆರಿಯನಾಯಕನಪಾಳ್ಯದ ಮಿಲ್ಲೊಂದರಲ್ಲಿ ನೂಲಿಗೆ ಬಣ್ಣ ಹಾಕಿಸುವ ಡೈಯಿಂಗ್ ಮಾಸ್ಟರ್ ಅವರು. ಇನ್ನು ಹೇಗೆ ಯೋಚಿಸಿಯಾರು? ಬಣ್ಣದ ಮಾದರಿ ಅಂಟಿಸಿದ ಶೇಡ್ ಕಾರ್ಡಿಗೆ ಹೊಂದದ ನೂಲನ್ನು ಮುಲಾಜಿಲ್ಲದೆ ವಾಪಸ್ ಕಳಿಸಿದ ಕೈ ಅದು.

ಎಂಬತ್ತರ ದಶಕದ ಮಾತು. ಕಾಲೇಜಿಗೆಂದು ನಾನು ಅವರ ಮನೆಯಲ್ಲೇ ಇದ್ದೆ. ಅತ್ತೆ ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಜಾರಿ ಬಿದ್ದು ಕಾಲು ಮುರಿದುಕೊಂಡಿದ್ದರು. ಮೂಳೆ ಕೂಡಿತು, ಕಟ್ಟೂ ಬಿಚ್ಚಿದರು. ಇನ್ನು ನಡೆಯದಿದ್ದರೆ ಕಾಲು ಮರಗಟ್ಟಿಬಿಡುತ್ತದೆ ಎಂದು ಡಾಕ್ಟರು ಎಚ್ಚರಿಸಿದರು. ಅತ್ತೆಗೋ ಭಯ! ಪಾದ ನೆಲಕ್ಕೆ ತಾಗಿದರೆ ಸಾಕು, ಬೆವರಿ ಮತ್ತೆ ಮಂಚಕ್ಕೆ. ಮಾವ ಗದರಿದರು, ಗೋಗರೆದರು. ಊಹೂಂ.

ಒಂದು ಬೆಳಿಗ್ಗೆ ಅತ್ತೆಯೇ ಮಾವನನ್ನು ಕೇಳಿದರು: "ಏನುಂಗ, ಹಿತ್ತಿಲ ಬೇವಿನ ಮರದಾಗೆ ಕೂಗ್ತದಲ್ಲ, ಅದು ಎಂಥ ಹಕ್ಕಿ?"

ಮಾವನ ಮುಖ ಅರಳಿತು. ಹಕ್ಕಿ ನೋಡುವ ಆಸೆಗಾದರೂ ಇವಳು ಹಿತ್ತಿಲಿಗೆ ಬಂದಾಳು! ಮರುದಿನವೇ ಕೊಯಮತ್ತೂರಿನ ಹಳೇ ಪುಸ್ತಕದ ಅಂಗಡಿಯಿಂದ ಹಕ್ಕಿಗಳ ಬಣ್ಣದ ಚಿತ್ರವಿರುವ ಇಂಗ್ಲಿಷ್ ಪುಸ್ತಕವೊಂದು ಮನೆಗೆ ಬಂತು.

ಮೊದಲು ಅಭ್ಯಾಸಕ್ಕೆಂದು ನನ್ನನ್ನು ಕೆರೆಗೆ ಎಳೆದೊಯ್ದರು. ಮಿಂಚುಳ್ಳಿಯೊಂದು ಕೊಂಬೆಯ ಮೇಲೆ ಕೂತಿತ್ತು. ಮಾವ ಚಿತ್ರ ನೋಡಿದರು, ಹಕ್ಕಿ ನೋಡಿದರು, ತಲೆಯಾಡಿಸಿದರು. "ನೀಲಿ ಸಾಲ್ದು ಕಣ್ಣು. ಇನ್ನೊಂದು ಮುಳುಗು ಹಾಕ್ಸ್ಬೇಕಿತ್ತು." (ಕಣ್ಣು ಎಂದರೆ ನಾನು. ನಮ್ಮ ಕಡೆ ಮುದ್ದಿನವರೆಲ್ಲ ಕಣ್ಣು!) ಅವರು ಹೇಳಿ ಮುಗಿಸುವಷ್ಟರಲ್ಲಿ ಹಕ್ಕಿ ದುಡುಮ್ಮನೆ ನೀರಿಗೆ ಬಿದ್ದು ಮುಳುಗು ಹಾಕಿಯೇಬಿಟ್ಟಿತು! ಮೇಲೆ ಬಂದ ಮೇಲೂ, ಪಾಪ, ಪಾಸಾಗಲಿಲ್ಲ.

ಬೇವಿನ ಮರದ ಹಕ್ಕಿಯಂತೂ ಇವರ ಬಿಳಿ ಪಂಚೆ, ನಮ್ಮ ಕಡೆಯ ವೇಷ್ಟಿ, ಕಂಡರೇ ಹಾರಿಹೋಗುತ್ತಿತ್ತು. ಎಲೆಯ ಬಣ್ಣದ ಬಟ್ಟೆ ಉಡಬೇಕೆಂದು ಪುಸ್ತಕ ಹೇಳಿತು. ಡೈಯಿಂಗ್ ಮಾಸ್ಟರಿಗೆ ಅದೇನು ಮಹಾ? ವೇಷ್ಟಿ, ಅಂಗಿ, ಹೆಗಲ ಮೇಲಿನ ತುಂಡು, ಎಲ್ಲಕ್ಕೂ ಅಪ್ಪಟ ಪಚ್ಚೆ ಬಣ್ಣ ಹಾಕಿಕೊಂಡು ಬಂದರು. ಆದರೆ ಅದು ಸಂಕ್ರಾಂತಿಯ ತೈ ತಿಂಗಳು, ಪಚ್ಚೆ ಉಟ್ಟು ಹರಕೆ ಹೊತ್ತವರು ಪಳನಿಯ ಮುರುಗನ ಗುಡಿಗೆ ನಡೆಯುವ ಕಾಲ ಎನ್ನುವುದು ಆ ತಲೆಗೆ ಹೊಳೆಯಬೇಕಲ್ಲ!

ಮರದ ಕೆಳಗೆ ಉಸಿರು ಬಿಗಿಹಿಡಿದು ನಿಂತಿದ್ದರು. ಓಣಿಯಲ್ಲಿ ಹೋಗುತ್ತಿದ್ದ ಯಾತ್ರಿಕರ ಗುಂಪೊಂದು ಬೇಲಿಯಾಚೆಯಿಂದ ಮಾವನನ್ನು ಕಂಡು, "ಸಾಮಿ!" ಎಂದು ಕೈಮುಗಿದು, "ಅರೋಹರಾ!" ಎಂದು ಮುರುಗನಿಗೆ ಜೈಕಾರ ಕೂಗಿತು. ಬೇವಿನ ಮರದ್ದು ಹಾಗಿರಲಿ, ಇಡೀ ಓಣಿಯ ಹಕ್ಕಿಗಳೇ ಎದ್ದು ಹಾರಿದವು. ಅಜ್ಜಿಯೊಬ್ಬರು ಬೇಲಿ ಸರಿಸಿ ಬಂದು ಮಾವನ ಕಾಲಿಗೇ ಬಿದ್ದು ವಿಭೂತಿ ಕೇಳಿದರು. ಇಲ್ಲವೆನ್ನಲು ಬಾಯಿ ಬರದೆ ಮಾವ ಒಳಗಿಂದ ತಂದು ಹಚ್ಚಿದರು.

ಮಂಚದಿಂದಲೇ ಅತ್ತೆಯ ತೀರ್ಪು ಬಂತು: "ಪಚ್ಚೆ ಉಟ್ಕೊಂಡು, ಜನರ ಹತ್ರ ಸಾಮಿ ಅನ್ನಿಸ್ಕೊಂಡು, ಸುಮ್ನೆ ಮನ್ಯಾಗೆ ಕೂತ್ಕೊಂಡ್ರೆ ಮುರುಗ ಬಿಡ್ತಾನುಂಗ? ನಡೆದೇ ಹೋಗ್ಬೇಕು!"

"ಹಕ್ಕಿ ನೋಡಕ್ಕೆ ಉಟ್ಟಿದ್ದು ಕಣೇ!" ಎಂದರು ಮಾವ.

"ಅದನ್ನ ಅವನ ಹತ್ರಾನೇ ಹೋಗಿ ಹೇಳೀಂಗ."

ಹೋದರು! ಅತ್ತೆಯನ್ನು ನನಗೆ ಒಪ್ಪಿಸಿ, ಪುಸ್ತಕವನ್ನೂ ಚೀಲದಲ್ಲಿಟ್ಟುಕೊಂಡು, ಬರಿಗಾಲಲ್ಲಿ ಪಳನಿಗೆ ನಡೆದರು. ವಾಪಸ್ ಬಸ್ಸಿನಲ್ಲಿ ಬಂದರೂ ಅಂಗಾಲ ತುಂಬ ಬೊಬ್ಬೆ. ಹಿತ್ತಿಲ ಬಾಗಿಲ ತನಕ ಕುಂಟಿಕೊಂಡು ಬಂದವರು ಮೆಟ್ಟಿಲ ಮೇಲೆ ಕುಸಿದು ಕೂತು, "ಅಯ್ಯೋ, ಅಮ್ಮಾ" ಎಂದು ನರಳಿದರು.

ಒಳಗೆ ಪಾತ್ರೆಯ ಸದ್ದಾಯಿತು. ನೋಡುತ್ತೇನೆ, ಅತ್ತೆ! ಬಿಸಿನೀರಿನ ಬೋಗುಣಿ ಹಿಡಿದು, ಗೋಡೆಗೆ ಹೆಗಲು ಕೊಟ್ಟು, "ಚೆಪ್ಪಲಿಯಾದ್ರೂ ಹಾಕ್ಕೊಂಡು ಬರಕ್ಕಾಗ್ಲಿಲ್ಲವಾ?" ಎಂದು ಬೈಯುತ್ತ ಬರುತ್ತಿದ್ದಾರೆ. ತಾನು ನಡೆಯುತ್ತಿದ್ದೇನೆ ಎನ್ನುವುದೇ ಅವರಿಗೆ ಗೊತ್ತಿಲ್ಲ!

ಅದೇ ಗಳಿಗೆಯಲ್ಲಿ ಆ ಹಕ್ಕಿ ಬೇವಿನ ಮರದಿಂದ ಇಳಿದು, ಎದುರಿನ ಬೇಲಿಯ ಮೇಲೆ ಕೂತು ಕೂಗಿತು.

"ಮಾವ, ಹಕ್ಕಿ! ಅಲ್ಲಿ ನೋಡಿ!" ಎಂದೆ.

"ಶ್... ಸುಮ್ನಿರು ಕಣ್ಣು."

ಮಾವ ಆ ಕಡೆ ತಿರುಗಲೇ ಇಲ್ಲ. ಒಂದೊಂದಾಗಿ ನೆಲ ಮುಟ್ಟುತ್ತಿದ್ದ ಅತ್ತೆಯ ಪಾದಗಳನ್ನೇ ನೋಡುತ್ತ ಅಳುತ್ತಿದ್ದರು.