ಪಾಸ್‌ವರ್ಡಿಗೊಬ್ಬ ಯಜಮಾನ

ಕೆಲಸಕ್ಕೆ ಸೇರಿದ ಮೊದಲ ವಾರವೇ ನಾನು ಪಾಸ್‌ವರ್ಡ್ ಮ್ಯಾನೇಜರ್ ಅವರಿಗೆ ಒಂದು ಪತ್ರ ಬರೆದಿದ್ದೆ.

ತಪ್ಪು ನನ್ನದೊಬ್ಬನದೇ ಅಲ್ಲ. "ಪಾಸ್‌ವರ್ಡ್ ಮರೆತುಹೋಗುವವರು ಪಾಸ್‌ವರ್ಡ್ ಮ್ಯಾನೇಜರ್ ಬಳಸಿ" ಎಂದು ಕಚೇರಿಯ ಗೋಡೆಗೆ ಚೀಟಿ ಅಂಟಿಸಿದ್ದರು. ಸೇಲ್ಸ್ ಮ್ಯಾನೇಜರ್, ಸ್ಟೋರ್ ಮ್ಯಾನೇಜರ್, ಕೊನೆಗೆ ಕ್ಯಾಂಟೀನಿಗೂ ಒಬ್ಬ ಮ್ಯಾನೇಜರ್ ಇರುವ ಕಟ್ಟಡದಲ್ಲಿ ಪಾಸ್‌ವರ್ಡಿಗೊಬ್ಬರು ಯಾಕಿರಬಾರದು? ಅಷ್ಟು ದೊಡ್ಡ ಅಧಿಕಾರಿಯನ್ನು "ಬಳಸಿ" ಎಂದದ್ದು ಮಾತ್ರ ಸ್ವಲ್ಪ ಒರಟಾಯಿತು ಅನ್ನಿಸಿ, ನಾನು ವಿನಯದಿಂದಲೇ ಬರೆದೆ: "ಮಾನ್ಯರೇ, ನನ್ನ ಪಾಸ್‌ವರ್ಡ್ ಕಳೆದುಹೋಗಿದೆ. ಎಂಟು ಅಕ್ಷರ ಉದ್ದ, ಕೊನೆಯಲ್ಲಿ ಒಂದು ಸೊನ್ನೆ. ದಯವಿಟ್ಟು ಹುಡುಕಿಸಿ ಕೊಡಬೇಕಾಗಿ ಪ್ರಾರ್ಥನೆ."

ಪತ್ರ ಹಿಡಿದು ಸಿಸ್ಟಮ್ ವಿಭಾಗಕ್ಕೆ ಹೋದೆ. ಅಲ್ಲಿನ ಮುಖ್ಯಸ್ಥೆಯ ಕೊರಳಲ್ಲಿ ಸದಾ ಒಂದೆರಡು ಕೇಬಲ್ಲು ನೇತಾಡುತ್ತಿರುವುದರಿಂದ ಇಡೀ ಕಚೇರಿ ಆಕೆಯನ್ನು ವೈರಕ್ಕ ಎನ್ನುತ್ತದೆ. ವೈರಕ್ಕ ಪತ್ರವನ್ನು ಎರಡು ಸಲ ಓದಿ, ಮುಖದ ಒಂದು ಗೆರೆಯನ್ನೂ ಅಲ್ಲಾಡಿಸದೆ, "ಸಾಹೇಬರು ಊಟಕ್ಕೆ ಹೋಗಿದಾರೆ, ಕೂತ್ಕೊಳ್ಳಿ" ಎಂದರು. ನಾನು ನಲವತ್ತು ನಿಮಿಷ ಕೂತೆ. ಅಂದಿನಿಂದ ಕಚೇರಿಯಲ್ಲಿ ನನ್ನ ಹೆಸರು "ಮಾನ್ಯರೇ" ಎಂದೇ ಆಯಿತು.

ಈ ಅವಮಾನ ಐದು ವರ್ಷ ನನ್ನೊಳಗೆ ಹೊಗೆಯಾಡಿತು. ಹೋದ ತಿಂಗಳು ಧಗ್ಗೆಂದು ಹೊತ್ತಿಕೊಂಡಿತು! ಇನ್ನು ಮುಂದೆ ನನ್ನ ಲ್ಯಾಪ್‌ಟಾಪಿನಷ್ಟು ಭದ್ರವಾದ ಲ್ಯಾಪ್‌ಟಾಪ್ ಭೂಮಂಡಲದಲ್ಲಿ ಇನ್ನೊಂದಿರಬಾರದು ಎಂದು ನಾನು ಪಣ ತೊಟ್ಟೆ.

ಪಣ ತೊಡಲು ಕಾರಣವೂ ಇತ್ತು. ನಮ್ಮ ಮನೆಯ ಲ್ಯಾಪ್‌ಟಾಪಿಗೆ ವಯಸ್ಸಾಗಿತ್ತು. ಪರದೆ ನೆಟ್ಟಗೆ ನಿಲ್ಲಲು ಹಿಂದಿನಿಂದ ಹೂಜಿಯ ಆಸರೆ ಬೇಕು. ಅದರ ಫ್ಯಾನು ತಿರುಗತೊಡಗಿದರೆ ಪಕ್ಕದ ಮನೆಯವರು ಕಿಟಕಿ ಹಾಕಿಕೊಳ್ಳುತ್ತಾರೆ. ಬ್ಯಾಟರಿ, ಪ್ಲಗ್ಗಿನಿಂದ ಕಿತ್ತು ಸೋಫಾಕ್ಕೆ ತರುವಷ್ಟರಲ್ಲಿ ಕೊನೆಯುಸಿರೆಳೆಯುತ್ತದೆ. ಹೊಸದನ್ನು ಕೊಳ್ಳಲು ನಾನು ಮೂರು ವರ್ಷದಿಂದ ಸಿದ್ಧನಿದ್ದೆ. ಆದರೆ ಕೊಳ್ಳಬೇಕು ಅನ್ನುವಷ್ಟರಲ್ಲಿ ಅದಕ್ಕಿಂತ ಚುರುಕಾದ ಮಾದರಿ ಆರು ತಿಂಗಳಲ್ಲಿ ಬರುತ್ತದೆಂಬ ಸುದ್ದಿ ಬರುತ್ತಿತ್ತು. ಅದು ಬಂದ ದಿನವೇ ಅದರಪ್ಪನಂಥ ಇನ್ನೊಂದರ ಸುದ್ದಿ! "ನಿನಗೆ ಬೇಕಾಗಿರೋದು ಲ್ಯಾಪ್‌ಟಾಪ್ ಅಲ್ಲ, ಕಾಯೋ ಕೆಲಸ" ಎಂದು ಹೆಂಡತಿ ಒಮ್ಮೆ ಹೇಳಿದ ಮೇಲೆ ಹೆದರಿ ಹೊಸದಕ್ಕೆ ಆರ್ಡರ್ ಮಾಡಿದೆ. ಅದು ಬರುವಷ್ಟರಲ್ಲಿ ಹಳೆಯದರಲ್ಲಿದ್ದ ಸರಂಜಾಮನ್ನೆಲ್ಲ ಗಂಟು ಕಟ್ಟಿಡಬೇಕಿತ್ತು.

ಸರಂಜಾಮೆಂದರೆ ನನ್ನದೇನೂ ಹೆಚ್ಚಿಲ್ಲ. ನಾನು ನೀರಿನ ಪಂಪಿನ ಕಂಪನಿಯಲ್ಲಿ, ಪಂಪಿನ ಜೊತೆ ಬರುತ್ತದಲ್ಲ ಬಳಕೆಯ ಕೈಪಿಡಿ, ಯಾರೂ ಓದದ ಆ ಪುಸ್ತಕ, ಅದನ್ನು ಬರೆಯುವವನು. ಅಮೂಲ್ಯವಾದದ್ದೆಲ್ಲ ಹೆಂಡತಿಯದು. ಅವಳು ಒಂದು ವಾರಪತ್ರಿಕೆಗೆ ಪದಬಂಧ ರಚಿಸುತ್ತಾಳೆ. ಎರಡು ವರ್ಷ ಕೂತು ಹೆಣೆದ ಇನ್ನೂರು ಹೊಸ ಪದಬಂಧಗಳು ಅವಳ ಮೊದಲ ಪುಸ್ತಕವಾಗಲಿದ್ದವು. ಶನಿವಾರ ಸಂಜೆ ಐದರೊಳಗೆ ಕಡತ ತಲುಪದಿದ್ದರೆ ಮುದ್ರಣದ ಸರದಿ ಬೇರೆಯವರಿಗೆ ಹೋಗುತ್ತದೆ, ಆಮೇಲೆ ಮುಂದಿನ ವರ್ಷವೇ ಎಂದು ಪ್ರಕಾಶಕರು ಖಡಾಖಂಡಿತವಾಗಿ ಹೇಳಿದ್ದರು.

ಅದರ ಹಿಂದಿನ ಭಾನುವಾರ ನಾನು ಪಾಸ್‌ವರ್ಡ್ ಮ್ಯಾನೇಜರನ್ನು ಹಾಕಿಸಿಕೊಂಡೆ. ಈ ಸಲ ಅದು ಮನುಷ್ಯನಲ್ಲ, ಪಾಸ್‌ವರ್ಡುಗಳನ್ನು ಕಾಪಾಡುವ ಒಂದು ತಂತ್ರಾಂಶ ಎಂದು ಖಚಿತಪಡಿಸಿಕೊಂಡೇ! ಅದರಲ್ಲೊಂದು ತಿಜೋರಿಯಿತ್ತು. ಪಾಸ್‌ವರ್ಡುಗಳಷ್ಟೇ ಏಕೆ, ಕಡತಗಳನ್ನೂ ಅದರಲ್ಲಿಟ್ಟು ಬೀಗ ಹಾಕಬಹುದಂತೆ. ನನ್ನ ಕೈಪಿಡಿಗಳನ್ನು ಹಾಕಿದೆ. ಇನ್ನೂರು ಪದಬಂಧಗಳನ್ನೂ ಹಾಕಿದೆ. ಕಳ್ಳನ ಕೈಗೆ ಒಂದು ಪದವೂ ಸಿಗಬಾರದೆಂದು ಹೊರಗಿದ್ದ ಮೂಲವನ್ನೂ ಪೆನ್‌ಡ್ರೈವಿನಲ್ಲಿದ್ದ ಪ್ರತಿಯನ್ನೂ ಅಳಿಸಿದೆ. "ಹತ್ತು ಸಲ ತಪ್ಪು ಪಾಸ್‌ವರ್ಡ್ ಬಿದ್ದರೆ ತಿಜೋರಿಯನ್ನು ನಾಶಮಾಡಲೇ?" ಎಂದು ಅದು ಕೇಳಿತು. ಮಾಡು ತಂದೆ ಎಂದು ಟಿಕ್ ಹಾಕಿದೆ. ಕೈಪಿಡಿ ಓದಿ ಎಂದಿತು. ಕೈಪಿಡಿ ಬರೆಯುವವನಿಗೇ? ಓದಲಿಲ್ಲ.

ಕೊನೆಗೆ ಎಲ್ಲಕ್ಕೂ ಸೇರಿ ಒಂದು ಮಾಸ್ಟರ್ ಪಾಸ್‌ವರ್ಡ್ ಕೊಡಿ ಎಂದಿತು. ಮಾಸ್ಟರ್ ಎಂದರೆ ಯಜಮಾನ. ನನ್ನ ಎದೆ ಎರಡಂಗುಲ ಉಬ್ಬಿತು. ಇಂಗ್ಲಿಷ್ ಅಕ್ಷರಗಳಲ್ಲಿ ಅಚ್ಚ ಕನ್ನಡದ ಒಂದು ವಾಕ್ಯವನ್ನು ಹೊಡೆದೆ: ಈ ಮನೆಗೆ ನಾನೇ ಯಜಮಾನ. ಕೊನೆಗೊಂದು ಚಿಹ್ನೆ ಬೇಕೇ ಬೇಕು ಎಂದು ಹಠ ಹಿಡಿಯಿತು. ಅಷ್ಟರಲ್ಲಿ ಒಳಗಿನಿಂದ ಹೆಂಡತಿ, ತಂತಿ ಮೇಲಿನ ಬಟ್ಟೆ ಒಣಗಿದೆಯೇನೋ ನೋಡು ಎಂದಳು. "ಈಗಲೇ ನೋಡಲಾ?" ಎನ್ನುತ್ತಲೇ ಚಿಹ್ನೆಯನ್ನೂ ಒತ್ತಿ, ಬಟ್ಟೆ ಮುಟ್ಟಿ ನೋಡಲು ಎದ್ದುಹೋದೆ.

ಆರು ದಿನ ತಿಜೋರಿ ಬಾಗಿಲು ತೆರೆದೇ ಇತ್ತು. ಶನಿವಾರ ಮಧ್ಯಾಹ್ನ ಲ್ಯಾಪ್‌ಟಾಪ್ ಏನನ್ನೋ ನವೀಕರಿಸಿಕೊಳ್ಳುತ್ತೇನೆಂದು ತಾನೇ ಆರಿ ತಾನೇ ಹೊತ್ತಿಕೊಂಡಿತು. ಎದ್ದದ್ದೇ ನೀವ್ಯಾರು ಎಂಬಂತೆ ನೋಡಿ ಮಾಸ್ಟರ್ ಪಾಸ್‌ವರ್ಡ್ ಕೇಳಿತು.

ಯಜಮಾನನ ಗತ್ತಿನಲ್ಲಿ ಹೊಡೆದೆ. "ಪಾಸ್‌ವರ್ಡ್ ತಪ್ಪು. ಇನ್ನು ಒಂಬತ್ತು ಪ್ರಯತ್ನ ಉಳಿದಿವೆ." ಬೆರಳು ಜಾರಿರಬೇಕು ಎಂದು ಮತ್ತೆ ಹೊಡೆದೆ. ತಪ್ಪು. ಜೋರಾಗಿ ಹೊಡೆದೆ. ತಪ್ಪು. ಮೆತ್ತಗೆ ಹೊಡೆದೆ. ಕಣ್ಣು ಮುಚ್ಚಿ ಹೊಡೆದೆ. ಐದು ಪ್ರಯತ್ನ ಮುಗಿದಾಗ ಹೆಂಡತಿ ತಲೆ ಒರೆಸಿಕೊಳ್ಳುತ್ತ ಬಂದು, ಮೂರು ಗಂಟೆಯಾಯಿತು, ಎದ್ದೇಳು, ಕಡತ ಕಳಿಸಬೇಕು ಎಂದಳು.

"ಸ್ವಲ್ಪ ಹೊತ್ತು ಬಿಟ್ಟು ಕಳಿಸಿದ್ರೆ ಆಗಲ್ವಾ?" ಎಂದೆ.

ಅವಳು ನನ್ನ ಮುಖ ನೋಡಿದಳು, ಪರದೆ ನೋಡಿದಳು, ಟವೆಲ್ಲನ್ನು ಕುರ್ಚಿಯ ಮೇಲೆ ನಿಧಾನವಾಗಿ ಹರಡಿದಳು. ನಾನು ಎಲ್ಲವನ್ನೂ ಒಪ್ಪಿಕೊಂಡೆ. ಪೆನ್‌ಡ್ರೈವಿನ ಸಂಗತಿಯನ್ನು ಮಾತ್ರ ಹೂಜಿಯ ಕಡೆ ನೋಡುತ್ತ ಹೇಳಿದೆ. ಅವಳು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

"ಏನಂತ ಇಟ್ಟಿದೀಯ?"

"ಈ ಮನೆಗೆ ನಾನೇ ಯಜಮಾನ ಅಂತ... ಪರವಾಗಿಲ್ವಾ?"

ಅವಳ ತುಟಿಯ ಒಂದು ಮೂಲೆ ಅಲುಗಿತು, ಮತ್ತೆ ಬಿಗಿಯಿತು. ಪೆನ್ಸಿಲ್ಲೂ ಚೌಕುಳಿ ಹಾಳೆಯೂ ತಂದು ಎದುರು ಕೂತಳು. ಆಗ ಗೊತ್ತಾಯಿತು ನನ್ನ ಘನಕಾರ್ಯದ ಪೂರ್ತಿ ಘನತೆ! 'ಈ' ಎಂಬುದಕ್ಕೆ ಇಂಗ್ಲಿಷಿನ ಎರಡು 'ಇ' ಹಾಕಿದ್ದೆನೋ, ಒಂದು 'ಐ' ಹಾಕಿದ್ದೆನೋ? 'ನಾನೇ' ಎಂಬಲ್ಲಿ ಎಷ್ಟು 'ಎ'? 'ಯಜಮಾನ'ನ ಮಾನಕ್ಕೆ ದೀರ್ಘ ಕೊಟ್ಟಿದ್ದೆನೋ, ಇಲ್ಲವೋ? ನಡುವೆ ಜಾಗ ಬಿಟ್ಟಿದ್ದೆನೋ? ಅವಳು ಲೆಕ್ಕ ಹಾಕುತ್ತ ಹೋದಳು. ಒಂದು ವಾಕ್ಯ, ನೂರಾರು ಕಾಗುಣಿತ.

"ಕನ್ನಡದಲ್ಲಿ ದೀರ್ಘಕ್ಕೆ ಅಂತ ಒಂದು ಗುರುತಿದೆ. ಅದನ್ನ ಮಾಡ್ದೋರು ದಡ್ಡರಲ್ಲ" ಎಂದಳು. ಅವತ್ತು ಅವಳು ಆಡಿದ ಅತಿ ಕಠೋರ ಮಾತು ಅದೇ.

ಚರ್ಚೆಯಲ್ಲಿ ಇನ್ನೆರಡು ಪ್ರಯತ್ನ ಹೋದವು. ಎಂಟನೆಯದನ್ನು ನನ್ನ ಮೊಣಕೈ ಮಾಡಿತು. ಹೂಜಿ ಸರಿಪಡಿಸಲು ಹೋಗಿ ಅದನ್ನು ಎಂಟರ್ ಕೀಲಿಯ ಮೇಲೆ ಊರಿದ್ದೆ. ಲ್ಯಾಪ್‌ಟಾಪಿನಿಂದ ಒಂದು ಮಾರು ದೂರ ಕೂರಬೇಕೆಂದು ನನಗೆ ಆಜ್ಞೆಯಾಯಿತು. ಪದಗಳನ್ನು ಬಂಧಿಸುವುದು ಅವಳ ಕಸುಬು. ಅವಳ ಪದಗಳನ್ನೇ ಬಂಧಿಸಿ ಕೂತವನು ನಾನು!

ಗತಿಯಿಲ್ಲದೆ ವೈರಕ್ಕನಿಗೆ ಫೋನ್ ಮಾಡಿದೆ. ಸಂಗತಿಯನ್ನೆಲ್ಲ ಹೇಳಿದೆ.

"ಮಾನ್ಯರೇ," ಎಂದರು, "ಸಾಹೇಬರು ಇನ್ನೂ ಊಟದಿಂದ ಬಂದಿಲ್ಲ."

ಆಮೇಲೆ ಕನಿಕರದಿಂದ, ಆ ತಿಜೋರಿಯನ್ನು ಮಾಡಿದವರೂ ತೆರೆಯಲಾರರು, ಅದರ ಹೆಚ್ಚುಗಾರಿಕೆಯೇ ಅದು ಎಂದು ವಿವರಿಸಿದರು. ಇದೆಲ್ಲ ಕೈಪಿಡಿಯಲ್ಲೇ ಇದೆಯಂತೆ.

ಗಂಟೆ ನಾಲ್ಕೂಕಾಲು. ಹೆಂಡತಿ ಕೈಚಾಚಿ ನನ್ನ ಮೊಬೈಲು ಕೇಳಿದಳು. ನಾನು ಅವಳಿಗೆ ಮೂರು ವರ್ಷದಿಂದ ಇಂಗ್ಲಿಷ್ ಅಕ್ಷರದಲ್ಲೇ ಕನ್ನಡ ಸಂದೇಶ ಕಳಿಸುತ್ತಿದ್ದೇನಲ್ಲ, ಅದರಲ್ಲಿ ನನ್ನ ಕಾಗುಣಿತದ ಚಾಳಿ ಸಿಗುತ್ತದೆ ಎಂಬುದು ಅವಳ ತರ್ಕ. ಎಂಥ ತಲೆ! 'ಈ' ಸಿಕ್ಕಿತು, 'ಮನೆಗೆ' ನೂರಾರು ಕಡೆ ಸಿಕ್ಕಿತು. 'ನಾನೇ' ಒಂದೇ ಕಡೆ, "ಹಾಲು ಚೆಲ್ಲಿದ್ದು ನಾನೇ, ಸಿಟ್ಟಾ" ಎಂಬಲ್ಲಿ ಸಿಕ್ಕಿತು. 'ಯಜಮಾನ' ಎಂಬ ಪದವೂ ಮೂರು ವರ್ಷಕ್ಕೆ ಒಂದೇ ಒಂದು ಸಲ ಬಂದಿತ್ತು. ಅದು ಬಾಡಿಗೆಗೆ ಮನೆ ಕೊಟ್ಟಿರುವ ಯಜಮಾನರು ನಲ್ಲಿ ನೋಡಲು ಬರುತ್ತಾರೆಂಬ ಸಂದೇಶ.

"ಕೊನೇಲಿ ಯಾವ ಚಿಹ್ನೆ?"

"ಆಶ್ಚರ್ಯಸೂಚಕ ಅಲ್ದೆ ಇನ್ನೇನಿರುತ್ತೆ?" ಯಜಮಾನನ ಘೋಷಣೆಗೆ ಬೇರೆ ಯಾವ ಚಿಹ್ನೆ ಒಪ್ಪುತ್ತದೆ!

ಒಂದೊಂದೇ ಅಕ್ಷರ ಒತ್ತಿದಳು. "ಪಾಸ್‌ವರ್ಡ್ ತಪ್ಪು. ಇನ್ನು ಒಂದೇ ಪ್ರಯತ್ನ ಉಳಿದಿದೆ."

ಫ್ಯಾನು ಕೂಡ ಭಯಪಟ್ಟು ನಿಂತಿತು. ಅವಳು ಪೆನ್ಸಿಲ್ ಕೆಳಗಿಟ್ಟು ಎರಡೂ ಅಂಗೈಯಲ್ಲಿ ಮುಖ ಉಜ್ಜಿಕೊಂಡಳು. ಇನ್ನೂರು ಪದಬಂಧ. ಅವಳು ನಡೆಯುವಾಗ, ಪಾತ್ರೆ ತೊಳೆಯುವಾಗ, ಬಸ್ಸಿನಲ್ಲಿ ನಿಂತಾಗ ಬೆರಳ ಮೇಲೆ ಅಕ್ಷರ ಎಣಿಸುತ್ತಿದ್ದದ್ದು ನೆನಪಾಯಿತು. ಆ ಹೊತ್ತಿನಲ್ಲಿ ನನಗೆ ಇದನ್ನು ನಗೆಬರಹ ಮಾಡುವ ಯಾವ ಯೋಚನೆಯೂ ಇರಲಿಲ್ಲ.

ಅವಳು ಮತ್ತೆ ಮೊಬೈಲ್ ಎತ್ತಿಕೊಂಡಳು. ಸುಮ್ಮನೆ ಮೇಲಕ್ಕೆ ಸರಿಸುತ್ತ ಹೋದಳು. "ಹೊರಡಲಾ?" "ಸೊಪ್ಪು ತರಲಾ?" "ಈ ಅಂಗಿ ಹಾಕ್ಕೊಳ್ಳಲಾ?" "ಮಲಗಲಾ?" ಅವಳ ಬೆರಳು ನಿಂತಿತು. ನನ್ನನ್ನು ದಿಟ್ಟಿಸಿದಳು. ಲ್ಯಾಪ್‌ಟಾಪನ್ನು ಎಳೆದುಕೊಂಡು ಅದೇ ವಾಕ್ಯ ಹೊಡೆದು, ಕೊನೆಯಲ್ಲಿ ಬೇರೊಂದು ಕೀಲಿ ಒತ್ತಿದಳು.

ತಿಜೋರಿ ತೆರೆಯಿತು!

ಅವಳು ಕೊನೆಯಲ್ಲಿ ಹಾಕಿದ್ದು ಪ್ರಶ್ನಾರ್ಥಕ ಚಿಹ್ನೆ. ಈ ಮನೆಗೆ ನಾನೇ ಯಜಮಾನ? ಬಟ್ಟೆಯನ್ನು ಈಗಲೇ ನೋಡಲಾ ಎಂದು ಅವಳನ್ನು ಕೇಳುತ್ತಿದ್ದ ಗಳಿಗೆಯಲ್ಲಿ ನನ್ನ ಬೆರಳು ನನ್ನನ್ನು ಕೇಳದೆಯೇ ನಿಜ ನುಡಿದಿತ್ತು.

ನಾಲ್ಕು ಐವತ್ತಾರಕ್ಕೆ ಕಡತ ಹೊರಟಿತು. ಹೊರಡುವ ಮುನ್ನ ಅದರ ಮೊದಲ ಪುಟ ನನ್ನ ಕಣ್ಣಿಗೆ ಬಿತ್ತು. "ಅರ್ಪಣೆ: ಇದುವರೆಗೆ ಒಂದನ್ನೂ ಪೂರ್ತಿ ಬಿಡಿಸದ ನನ್ನ ಗಂಡನಿಗೆ."

ಮಂಗಳವಾರ ಹೊಸ ಲ್ಯಾಪ್‌ಟಾಪ್ ಬಂತು. ಅದಕ್ಕಿಂತ ಚುರುಕಾದದ್ದು ಬರಲಿದೆಯೆಂಬ ಸುದ್ದಿಯೂ ಅದೇ ಬೆಳಿಗ್ಗೆ ಬಂತು. ನಾನು ಬಾಯಿ ಬಿಡಲಿಲ್ಲ. ಈ ಸಲ ಕೈಪಿಡಿಯನ್ನು ಮುಖಪುಟದಿಂದ ಓದಿದೆ. ಹೆಂಡತಿ ಅದರ ಮುಂದೆ ಕೂತು ಹೊಸ ಮಾಸ್ಟರ್ ಪಾಸ್‌ವರ್ಡ್ ಹಾಕುತ್ತಿದ್ದಳು, ನಾನು ಗೋಡೆ ನೋಡುತ್ತ ನಿಂತಿದ್ದೆ. ತಡೆಯಲಾಗಲಿಲ್ಲ. ಕೇಳಿಯೇಬಿಟ್ಟೆ.

"ಅದು ಹೋಗ್ಲಿ, ನಿಜ ಹೇಳು. ಈ ಮನೆಗೆ ನಾನು ಯಜಮಾನ ತಾನೇ?"

ಅವಳು ಪರದೆಯಿಂದ ಕಣ್ಣು ತೆಗೆಯಲೇ ಇಲ್ಲ.

"ತಪ್ಪು. ಇನ್ನು ಒಂದೇ ಪ್ರಯತ್ನ ಉಳಿದಿದೆ."