ಝೀರೋ, ಸ್ಪಿಟ್‌ಫೈರ್ ಮತ್ತು ನಮ್ಮನೆ ಸೀಮಂತ

ನೆಂಟರಿಷ್ಟರು ಮಾತು ಬಿಡುವುದಕ್ಕೂ ಒಂದು ಮರ್ಯಾದೆಯ ಕಾರಣ ಬೇಕು ಎಂದು ನಂಬಿದವಳು ನಾನು. ಬೇಲಿ ಒಂದು ಮೊಳ ಆಚೆ ಹೋಯಿತು, ಮದುವೆಯಲ್ಲಿ ಎರಡನೇ ಪಂಕ್ತಿಗೆ ಕೂರಿಸಿದರು, ನಾವು ಕೊಟ್ಟ ಸೀರೆಯನ್ನೇ ಇನ್ಯಾರಿಗೋ ದಾಟಿಸಿದರು, ಇಂಥದ್ದಾದರೆ ನಾಲ್ಕು ಜನರೆದುರು ಹೇಳಿಕೊಳ್ಳಬಹುದು. ಇಲ್ಲಿ ಕೊಪ್ಪದಲ್ಲಿರುವ ನನ್ನ ಗಂಡನೂ ಎನ್.ಆರ್.ಪುರದಲ್ಲಿರುವ ನನ್ನ ಅಣ್ಣನೂ ಮಾತು ಬಿಟ್ಟದ್ದು ಯಾಕೆ ಎಂದು ಯಾರಾದರೂ ಕೇಳಿದರೆ ನಾನು ಮಾತ್ರ ಸೆರಗು ಸರಿಮಾಡಿಕೊಂಡು ‘ಏನೋ ಸಣ್ಣ ವಿಷಯ’ ಎನ್ನುತ್ತೇನೆ. ಎರಡನೇ ಮಹಾಯುದ್ಧದ ಎರಡು ವಿಮಾನಗಳಲ್ಲಿ ಯಾವುದು ಬೇಗ ಮಗ್ಗುಲು ಹೊರಳುತ್ತಿತ್ತು ಎಂಬುದೇ ಆ ಸಣ್ಣ ವಿಷಯ.

ನಮ್ಮವರು ನಿವೃತ್ತರಾದ ಮೇಲೆ ಕಂಪ್ಯೂಟರಿನಲ್ಲಿ ವಿಮಾನ ಹಾರಿಸುವ ಆಟ ಹಿಡಿದರು. ಅಣ್ಣನದು ಪೇಂಟ್ ಅಂಗಡಿ. ಗಿರಾಕಿ ಇಲ್ಲದ ಹೊತ್ತಿನಲ್ಲಿ ಅವನೂ ಅಲ್ಲಿಂದಲೇ ಹಾರುತ್ತಿದ್ದ. ಇವರದು ಜಪಾನಿನ ಝೀರೋ, ಅವನದು ಇಂಗ್ಲೆಂಡಿನ ಸ್ಪಿಟ್‌ಫೈರ್. ಒಂದು ಸೆಕೆಂಡಿಗೆ ವಿಮಾನ ಎಷ್ಟು ಡಿಗ್ರಿ ಹೊರಳುತ್ತದೆ, ಹಾಗೆ ಹೊರಳಿಸಲು ಪೈಲಟ್ ಎದುರಿನ ಕೋಲನ್ನು ಎಷ್ಟು ಪೌಂಡ್ ಬಲದಲ್ಲಿ ಒತ್ತಬೇಕು, ಇದೇ ಇಬ್ಬರಿಗೂ ಊಟ ತಿಂಡಿ. ಒಂದು ದಿನ ಇವರು ನನ್ನನ್ನು ಕುರ್ಚಿಯಲ್ಲಿ ಕೂರಿಸಿ, ಮಂಡಿಗಳ ನಡುವೆ ಒನಕೆ ನಿಲ್ಲಿಸಿ, ಅದಕ್ಕೆ ಕೊಕ್ಕೆ ತಕ್ಕಡಿ ಸಿಕ್ಕಿಸಿ, “ಎಡಗಡೆಗೆ ಒತ್ತು ನೋಡಾಣ” ಎಂದರು. ಒಲೆಯ ಮೇಲೆ ಹಾಲು ಉಕ್ಕುತ್ತಿತ್ತು. ಅಂದಹಾಗೆ ಈ ಮಹಾನುಭಾವರು ಶೃಂಗೇರಿಗೆ ಬಸ್ಸಿನಲ್ಲಿ ಹೊರಟರೆ ನಾಲ್ಕನೇ ತಿರುವಿಗೆಲ್ಲ ನಿಂಬೆಹಣ್ಣು ಮೂಸುತ್ತಾರೆ. ವಿಮಾನ ಹತ್ತುವುದಿರಲಿ, ಹತ್ತಿರದಿಂದ ನೋಡಿದವರೂ ಅಲ್ಲ.

ದೀಪಾವಳಿಯ ಮಾರನೇ ದಿನ ಅಣ್ಣ ಫೋನಿನಲ್ಲಿ, “ನಿಮ್ಮ ಝೀರೋ ಸ್ಪೀಡ್ ಹಿಡಿದ್ರೆ ಕೋಲು ಅಲ್ಲಾಡೋದೇ ಇಲ್ಲ ಭಾವ, ಗಾರೆಯಲ್ಲಿ ಹುಗಿದ ಹಾಗೆ” ಎಂದನಂತೆ. ಇವರು, “ರೆಕ್ಕೆಗೆ ಬಟ್ಟೆ ಹೊದಿಸ್ಕೊಂಡು ಹಾರಿದ ಸ್ಪಿಟ್‌ಫೈರಿನವರು ಮಾತಾಡಬಾರದು” ಎಂದರಂತೆ. ಅಲ್ಲಿಗೆ ಫೋನು ಕಟ್ಟಾಯಿತು, ಮಾತೂ ಕಟ್ಟಾಯಿತು. ಜಗಳ ಮಾತ್ರ ಕಟ್ಟಾಗಲಿಲ್ಲ. ಇಬ್ಬರೂ ವಿಮಾನ ಹೊರಳುವ ಲೆಕ್ಕದ ತಮ್ಮ ತಮ್ಮ ಚಾರ್ಟುಗಳನ್ನು ನನ್ನ ಮೊಬೈಲಿಗೆ ಕಳಿಸತೊಡಗಿದರು. ನಾನು ಅತ್ತಲಿಂದ ಬಂದದ್ದನ್ನು ಇತ್ತ ದಾಟಿಸಬೇಕು, ಇತ್ತಲಿಂದ ಬಂದದ್ದನ್ನು ಅತ್ತ. ಸೊಪ್ಪು ಸೋಸುತ್ತಾ, ಪಾತ್ರೆ ತೊಳೆಯುತ್ತಾ, ಕೈ ಒರೆಸಿಕೊಂಡು ಇದೇ ಕೆಲಸ. ರೋಸಿಹೋಗಿದ್ದೆ.

ಅಷ್ಟರಲ್ಲಿ ಮಗಳ ಸೀಮಂತ ಬಂತು. ನಮ್ಮಲ್ಲಿ ಬಸುರಿಯ ಮಡಿಲಿಗೆ ಬೀಳುವ ಮೊದಲ ಸೀರೆ ಸೋದರಮಾವನದೇ ಆಗಬೇಕು. ಸೋದರಮಾವನನ್ನು ಗಂಡ ಹೆಂಡತಿ ಇಬ್ಬರೂ ಹೋಗಿ, ಕುಂಕುಮ ಕೊಟ್ಟು ಕರೆಯಬೇಕು. ಫೋನಿನಲ್ಲಿ ಕರೆದರೆ ಕರೆದಂತಲ್ಲ, ಒಬ್ಬರೇ ಹೋದರೆ ಅರ್ಧ ಕರೆದಂತೆ. ಇವರು, “ಚಾರ್ಟ್ ತಪ್ಪು ಓದಿದೆ ಅಂತ ನಿನ್ನಣ್ಣ ಒಪ್ಪಲಿ, ಬರ್ತೀನಿ” ಎಂದು ಪಟ್ಟು ಹಿಡಿದು ಕೂತರು. ಅಣ್ಣನ ಹೆಗಲ ಮೇಲೆ ಬೆಳೆದ ಮಗಳು, “ಮಾವ ಬರದಿದ್ರೆ ನಂಗೆ ಸೀಮಂತವೇ ಬೇಡಮ್ಮಾ” ಎಂದು ಅತ್ತಳು. ಬಸುರಿ ಹುಡುಗಿ ಕಣ್ಣೀರು ಹಾಕುವುದು ಯಾರದೋ ಹಳೇ ವಿಮಾನದ ಸಲುವಾಗಿಯೇ? ಮರುದಿನ ಬೆಳಿಗ್ಗೆ ಇವರ ಜೇಬಿಗೆ ನಿಂಬೆಹಣ್ಣು ತುರುಕಿ, ಬಸ್ಸು ಹತ್ತಿಸಿದೆ.

ಎನ್.ಆರ್.ಪುರದಲ್ಲಿ ಅತ್ತಿಗೆ ಉಪ್ಪಿಟ್ಟು ಮಾಡಿ ಕಾದಿದ್ದರು. ಗಂಡಸರಿಬ್ಬರೂ ಎದುರುಬದುರು ಕೂತು ಗೋಡೆ ನೋಡಿದರು. ಅಣ್ಣ ನನ್ನ ಕಡೆ ತಿರುಗಿ, “ಭಾವನಿಗೆ ಇನ್ನೊಂಚೂರು ಉಪ್ಪಿಟ್ಟು ಬೇಕಾ ಕೇಳೇ” ಎಂದ. ಇವರು ಅತ್ತಿಗೆಗೆ, “ಸಾಕು ಅಂತ ಹೇಳಿ” ಎಂದರು. ನಾನು ಕುಂಕುಮದ ಬಟ್ಟಲು ತೆಗೆಯುವಷ್ಟರಲ್ಲಿ ಇವರು ಗೋಡೆಗೇ ಹೇಳುವಂತೆ, “ಕರೆಯೋದೇನೋ ಕರೀಬಹುದು, ಚಾರ್ಟಿನ ವಿಷಯ ಮೊದಲು ತೀರ್ಮಾನ ಆಗಲಿ” ಎಂದರು. ಅಣ್ಣ, “ಆಗಲಿ, ನಂಗೇನು ಭಯವಾ” ಎಂದು ಎದ್ದು ನಿಂತ.

ನನಗೆ ತಲೆ ಕೆಟ್ಟಿತು. ಬಟ್ಟಲನ್ನು ಮೇಜಿನ ಮೇಲೆ ಕುಕ್ಕಿ ಹೇಳಿದೆ: “ಇಬ್ರೂ ಕೂತ್ಕೊಳ್ಳಿ. ನಿಮ್ಮ ಚಾರ್ಟ್ ಐವತ್ತು ಪೌಂಡ್ ಒತ್ತಿದಾಗಿನದು, ಅಣ್ಣಂದು ಮೂವತ್ತು ಪೌಂಡಿಂದು. ಅದನ್ನ ಇದರ ಪಕ್ಕ ಇಟ್ಟು ಎಂತ ನೋಡ್ತೀರಿ? ಝೀರೋ ನಿಧಾನಕ್ಕೆ ಹೋಗುವಾಗ ಹಗುರ, ಸ್ಪೀಡ್ ಹೆಚ್ಚಿದ್ರೆ ಭಾರ. ಸ್ಪಿಟ್‌ಫೈರ್ ಅಂದ್ರೆ ಯಾವ ಸ್ಪಿಟ್‌ಫೈರು? ರೆಕ್ಕೆ ತುದಿಯ ಹೊರಳಿಸೋ ಪಟ್ಟಿ ಬಟ್ಟೆಯದೋ, ತಗಡಿನದೋ? ತಗಡು ಬಂದ ಮೇಲೇ ಅಲ್ವಾ ಅದು ಸ್ಪೀಡಲ್ಲಿ ಮಾತು ಕೇಳಿದ್ದು?”

ಅತ್ತಿಗೆ ಸೌಟು ಹಿಡಿದುಕೊಂಡೇ ನನ್ನನ್ನು ನೋಡಿದರು. ಇವರು ಅಣ್ಣನ ಮುಖ ನೋಡಿದರು, ಅಣ್ಣ ಇವರ ಮುಖ ನೋಡಿದ. ಅಣ್ಣ ಮೆಲ್ಲಗೆ, “ಅಷ್ಟು ಸುಲಭ ಅಲ್ಲ ಕಣೇ ಅದು” ಎಂದ. ಇವರು, “ಹೇಳಿ ಭಾವ ಅವಳಿಗೆ, ಹೆಂಗಸರಿಗೆ ಇದೆಲ್ಲ ಎಲ್ಲಿ ತಿಳೀತದೆ” ಎಂದರು. ಆಮೇಲೆ ಇಬ್ಬರೂ ಒಂದೇ ಸೋಫಾಕ್ಕೆ ಬಂದು, ನನಗೆ ಏನೇನು ಅರ್ಥವಾಗಿಲ್ಲ ಎಂಬುದನ್ನು ಒಬ್ಬರ ಬಾಯಿಂದ ಒಬ್ಬರು ಮಾತು ಕಸಿದುಕೊಂಡು ವಿವರಿಸಿದರು. ಹೊರಡುವಾಗ ಇವರೇ ಅಣ್ಣನ ಕೈ ಹಿಡಿದು ಕರೆದರು, ಅವನೂ ಕಣ್ಣೊರೆಸಿಕೊಂಡ.

ಸೀಮಂತ ಚೆನ್ನಾಗಿ ನಡೆಯಿತು. ಅಣ್ಣ ಹಸಿರು ಸೀರೆ ತಂದ, ಮಗಳು ನಕ್ಕಳು, ಭಾವಂದಿರಿಬ್ಬರೂ ಪಕ್ಕಪಕ್ಕದಲ್ಲಿ ಕೂತು ಹೋಳಿಗೆ ಹೊಡೆದರು. ತಾಯಿಗೆ ಇದಕ್ಕಿಂತ ಇನ್ನೇನು ಬೇಕು?

ನನಗೆ ಬೇಕಾಗಿದೆ. ಅವತ್ತಿನಿಂದ ನಾನು ಇಬ್ಬರ ಹತ್ತಿರವೂ ಮಾತು ಬಿಟ್ಟಿದ್ದೇನೆ. ನಿನ್ನೆ ಮಗಳು ಫೋನು ಮಾಡಿ, “ವಿಮಾನದ ವಿಷಯಕ್ಕೆ ಯಾರಾದ್ರೂ ಮುನಿಸ್ಕೊಳ್ತಾರಾ ಅಮ್ಮಾ? ಅಪ್ಪ ಪಾಪ ತಾವೇ ಕಾಫಿ ಮಾಡ್ಕೊಳ್ತಿದಾರಂತೆ” ಎಂದು ಬೈದಳು. “ಇದು ಬರೀ ವಿಮಾನದ ವಿಷಯ ಅಲ್ಲ ಮಾರಾಯ್ತಿ” ಎಂದೆ. ತಾಳ್ಮೆಯಿಂದ ಎಲ್ಲವನ್ನೂ ವಿವರಿಸಿ, ಮೂವತ್ತು ಪೌಂಡಿನ ಚಾರ್ಟು, ಐವತ್ತರದು, ಎರಡನ್ನೂ ಅವಳಿಗೆ ಕಳಿಸಿದ್ದೇನೆ. ಇನ್ನೂ ತೆರೆದು ನೋಡಿದಂತಿಲ್ಲ.